ಗುಡಿಸಿಹೋದ ಶನಿವಾರ

ಕನ್ನಡಕದ ಅಂಗಡಿಯ ಮೇಲೆ, ಎರಡನೆಯ ಮಹಡಿಯಲ್ಲಿ, ಐದು ಮೇಜಿನ ಒಂದು ಕಚೇರಿ. ಅದರ ಕಿಟಕಿಯ ಚಿಲಕಕ್ಕೆ ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣದೊಂದು ಹಿತ್ತಾಳೆ ಗಂಟೆ ತೂಗುತ್ತಿತ್ತು. ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ಅಲ್ಲಿನ ಹಿರಿಯರು ಎದ್ದು ಅದನ್ನು ಮೂರು ಸಲ ಬಾರಿಸುವರು. ಬಾರಿಸಿದ ಮೇಲೆ ಯಾರೂ ತಾವು ಬರೆದದ್ದನ್ನು ಒಳಗೆ ಕಳಿಸುವಂತಿಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ಬಾರಿಸಿದರೆ ಆ ವಾರ ಮುಗಿಯಿತು ಎಂದು ಲೆಕ್ಕ.

ಹಿರಿಯರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಹಿಂದೆ ಹದಿನೇಳು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು. ಬಾಚಿದ ತಲೆ, ಇಸ್ತ್ರಿ ಮುರಿಯದ ಅಂಗಿ, ಮಾತಿಗೆ ಮುಂಚೆ ಒಂದು ನಿಧಾನದ ಉಸಿರು. ಬೆಳಿಗ್ಗೆ ಬಂದವರು ಕಂಪ್ಯೂಟರ್ ಹಚ್ಚುವ ಮೊದಲು ಹತ್ತು ನಿಮಿಷ ಕಣ್ಣು ಮುಚ್ಚಿ ಕೂತು ದೇವರಲ್ಲಿ ಒಂದೇ ಮಾತು ಬೇಡುವರು: ನನ್ನ ಕೈಯಿಂದ ಯಾರಿಗೂ ಕೇಡಾಗದಿರಲಿ. ಬೇಡುವುದಕ್ಕೆ ಕಾರಣವಿತ್ತು. ಅವರು ಮಾಡುತ್ತಿದ್ದುದು ಉಸಿರಿನ ಮಷೀನಿನ ಪ್ರೋಗ್ರಾಮು. ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದವರ ಮಂಚದ ಪಕ್ಕ ಹೊಲಿಗೆ ಯಂತ್ರದಷ್ಟು ದೊಡ್ಡ ಡಬ್ಬಿಯೊಂದು ಕೂತು, ಕೊಳವೆಯಲ್ಲಿ ಉಸಿರು ಊದುತ್ತದಲ್ಲ, ಅದು. ಡಬ್ಬಿಯನ್ನು ಮಾಡುವವರು ಬೇರೆ. ಅದಕ್ಕೆ ಯಾವಾಗ ಊದಬೇಕು, ಯಾವಾಗ ಕೂಗಿ ಜನರನ್ನು ಕರೆಯಬೇಕು ಎಂದು ಬುದ್ಧಿ ಹೇಳುವವರು ಇವರು.

ಆ ಬುದ್ಧಿಯಲ್ಲಿ ಯಾರೇ ಒಂದಕ್ಷರ ತಿದ್ದಿದರೂ, ಏನು ತಿದ್ದಿದೆ, ಯಾಕೆ ತಿದ್ದಿದೆ ಎಂದು ಒಂದು ಸಾಲು ಬರೆದು, ಹೆಸರು, ತಾರೀಖು, ಹೊತ್ತಿನ ಸಮೇತ ಸೇರಿಸಬೇಕು. ಅದಕ್ಕೆ ಕಮಿಟ್ ಅನ್ನುತ್ತಾರೆ. ಒಂದು ಕಮಿಟ್‌ನ ಬೆನ್ನಿಗೆ ಇನ್ನೊಂದು ಕೂತು ಉದ್ದಕ್ಕೆ ಸರಪಳಿಯಾಗುತ್ತದೆ. ಎಲ್ಲರಿಗೂ ಸೇರಿದ ಆ ಸರಪಳಿ ಇರುವ ಜಾಗ ರೆಪೊ. ಹತ್ತು ವರ್ಷದ ಹಿಂದೆ ಯಾರು ಯಾವ ಬೇಸರದಲ್ಲಿ ಏನು ಮಾಡಿದರು ಎಂಬುದೂ ಅಲ್ಲಿ ಸಿಕ್ಕುತ್ತದೆ.

ಮೇಷ್ಟ್ರಿಗೆ ಆ ಬೇಸರಗಳು ಸಿಕ್ಕುವುದೇ ಬೇಡವಾಗಿತ್ತು. ಹುಡುಗರು 'ಮತ್ತೆ ಸರಿಮಾಡಿದೆ' ಎಂದು ಬರೆಯುವರು. 'ಅಯ್ಯೋ' ಎಂದಷ್ಟೇ ಬರೆದವರೂ ಇದ್ದರು. ಅಂಗಳದ ತುಂಬ ಕಸ ಬಿದ್ದ ಹಾಗೆ ಕಾಣುತ್ತಿತ್ತು ಅವರಿಗೆ. ಅದಕ್ಕೇ ಶನಿವಾರದ ಗಂಟೆ. ಗಂಟೆಯಾದ ಮೇಲೆ ಅವರು ವಾರದ ನಲವತ್ತು ಕಮಿಟ್‌ಗಳನ್ನು ಕೂಡಿಸಿ ಆರೋ ಏಳೋ ಮಾಡಿ, ಮಾತು ತಿದ್ದಿ, ಬೇಕಾದಲ್ಲಿ ಹಿಂದಿನ ತಾರೀಖು ಹಾಕಿ, ಹೊಸ ಸರಪಳಿಯನ್ನು ರೆಪೊಗೆ ಫೋರ್ಸ್ ಪುಶ್ ಮಾಡುವರು. ಅಂದರೆ, ಅಲ್ಲಿ ಏನೇ ಇದ್ದರೂ ತೆಗೆ, ಇದನ್ನು ಕೂರಿಸು ಎಂದು ಯಂತ್ರಕ್ಕೆ ಗದರಿ ಹೇಳುವುದು. ಯಂತ್ರ ಮರುಮಾತಾಡುವುದಿಲ್ಲ. ಸೋಮವಾರ ಬಂದು ಎಲ್ಲರೂ ತಮ್ಮ ಬಳಿಯ ಹಳೆಯದನ್ನು ಎಸೆದು ಹೊಸದನ್ನು ಇಳಿಸಿಕೊಳ್ಳಬೇಕು. ಈ ಇಡೀ ಕೆಲಸಕ್ಕೆ ಅವರು ಇಟ್ಟ ಹೆಸರು ಗುಡಿಸುವುದು.

ಒಂದು ಮಾತು ಹೇಳಬೇಕು. ಅವರ ಗುಡಿಸುವಿಕೆಯಲ್ಲಿ ಕರುಣೆಯೂ ಇತ್ತು. ಒಮ್ಮೆ ಅವರ ತಂಗಿಯ ಗಂಡ ಒಂದು ದೊಡ್ಡ ತಪ್ಪು ಮಾಡಿದಾಗ ಮೇಷ್ಟ್ರು ಸದ್ದಿಲ್ಲದೆ ಆ ಕಮಿಟ್‌ನ ಮೇಲಿನ ಹೆಸರು ಅಳಿಸಿ ತಮ್ಮ ಹೆಸರು ಹಾಕಿಕೊಂಡಿದ್ದರು. ತಾರೀಖನ್ನೂ ಎರಡು ದಿನ ಹಿಂದಕ್ಕೆ ಸರಿಸಿದ್ದರು. ಡಬ್ಬಿ ಮಾಡುವವರು ಬಂದು ರೇಗಿದಾಗ ಬೈಸಿಕೊಂಡವರು ಮೇಷ್ಟ್ರು.

ಆ ತಂಗಿಯ ಗಂಡನಿಗೆ ಕಚೇರಿಯಲ್ಲಿ ಮರೆಗುಳಿ ಎಂದೇ ಹೆಸರು. ಐವತ್ತೆರಡು ವರ್ಷ. ಎಡಗಾಲಿಗೆ ಒಂದು ಜೋಡಿಯದು, ಬಲಗಾಲಿಗೆ ಇನ್ನೊಂದು ಜೋಡಿಯದು ಚಪ್ಪಲಿ ಮೆಟ್ಟಿಕೊಂಡು ಬಂದು, ದಿನವಿಡೀ ಯಾರೋ ನನ್ನ ಚಪ್ಪಲಿ ಬದಲಿಸಿದ್ದಾರೆ ಎಂದು ಹುಡುಕಿದ ಮನುಷ್ಯ.

ಅಲಾರಂಗಳನ್ನು ಪರೀಕ್ಷೆ ಮಾಡುವ ಹೆಂಗಸು ಅವನನ್ನು ಬಿಡುತ್ತಿರಲಿಲ್ಲ. ಯಾವ ಮಷೀನು ಯಾವ ಕಾರಣಕ್ಕೆ ಕೂಗುತ್ತಿದೆ ಎಂದು ಗೋಡೆಯಾಚೆಯಿಂದಲೇ ಹೇಳುತ್ತಿದ್ದ ಅವಳನ್ನು ಕಿವಿಯಕ್ಕ ಅನ್ನುತ್ತಿದ್ದರು. "ಹೋದ ತಿಂಗಳು ನಮ್ಮನೆಗೆ ಊಟಕ್ಕೆ ಬಂದೋರು ಊಟ ಮಾಡೋದು ಮರೆತು ಕೊಡೆ ತಗೊಂಡು ಹೊರಟುಬಿಟ್ರು. ಕೊಡೆನೂ ನಮ್ದೇ," ಅನ್ನುವಳು.

"ಕೊಡೆ ವಾಪಸ್ ಕೊಟ್ಟೆನಲ್ಲ ಅಕ್ಕ."

"ಕೊಟ್ರಿ. ಪಕ್ಕದ ಮನೆಗೆ."

ಕೆಲಸದಲ್ಲಿ ಮಾತ್ರ ಅವನು ಮರೆತದ್ದನ್ನು ಯಾರೂ ಕಂಡಿರಲಿಲ್ಲ. ಮಾಡಬೇಕಾದ ಪ್ರತಿಯೊಂದನ್ನೂ ಚೀಟಿಯಲ್ಲಿ ಬರೆದು ಅಂಗಿಯ ಜೇಬಿಗಿಡುವನು. ಮಾಡಿ ಮುಗಿಸಿ ರೆಪೊಗೆ ಕಳಿಸಿದ ಮೇಲೆ ಚೀಟಿ ಹರಿದು ಬುಟ್ಟಿಗೆ. ಅವನ ತಂದೆಗೆ ಐವತ್ತೈದಕ್ಕೆ ಮರೆವಿನ ಕಾಯಿಲೆ ಬಂದು, ಕೊನೆಗೆ ಇದೇ ಮಗನ ಕೈ ಹಿಡಿದು "ನೀವು ಯಾರ ಕಡೆಯವರು?" ಎಂದು ಕೇಳಿದ್ದರು. ಮರೆಗುಳಿ ಅದನ್ನು ನಗುತ್ತಲೇ ಹೇಳುತ್ತಿದ್ದ. ನಗುವಾಗ ಜೇಬಿನ ಚೀಟಿಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಒಂದು ಶನಿವಾರ ಮಧ್ಯಾಹ್ನ ಅವನಿಗೆ ಪ್ರೋಗ್ರಾಮಿನಲ್ಲಿ ಒಂದು ಹುಳುಕು ಕಂಡಿತು. ಮನೆಯಲ್ಲಿ ಕರೆಂಟು ಹೋದಾಗ ಮಷೀನು ಬ್ಯಾಟರಿಯ ಮೇಲೆ ನಡೆಯುತ್ತದೆ. ಬ್ಯಾಟರಿ ಹಳೆಯದಾಗಿ ಸೋಲತೊಡಗಿದರೆ, ಶಕ್ತಿ ಉಳಿಸಲೆಂದು ಅದು ಒಂದೊಂದನ್ನೇ ಆರಿಸುತ್ತಾ ಬರುತ್ತದೆ. ಮೊದಲು ಆರಿಸುವುದು ಸ್ಪೀಕರನ್ನು. ಕೂಗಿ ಕರೆಯಬೇಕಾದ ಗಳಿಗೆಯಲ್ಲೇ ಬಾಯಿ ಮುಚ್ಚಿಕೊಳ್ಳುವ ಮಷೀನು.

ಅವನು ಕಿವಿಯಕ್ಕನನ್ನು ಕರೆದುಕೊಂಡು ಮೊಗಸಾಲೆಯ ಕೊನೆಯ ಪರೀಕ್ಷೆಯ ಕೋಣೆಗೆ ಹೋದ. ಗೋಡೆಗೆಲ್ಲ ಹಳೆಯ ಹಾಸಿಗೆ ಹೊಡೆದ ಕೋಣೆ. ಬಾಗಿಲು ಹಾಕಿಕೊಂಡು ತಿದ್ದಿದ. ಅವಳು ಹಳೆಯ ಬ್ಯಾಟರಿ ಹಾಕಿ ಮಷೀನನ್ನು ಕೂಗಿಸಿದಳು. ಅದು ಕೂಗುತ್ತಿರುವಾಗಲೇ ಹೊರಗೆ ಮೇಷ್ಟ್ರು ಗಂಟೆ ಬಾರಿಸಿದರು. ಅಲಾರಮ್ಮಿನ ಅಬ್ಬರದಲ್ಲಿ ಆ ಸಣ್ಣ ಗಂಟೆ ಎಲ್ಲಿ ಕೇಳಬೇಕು. ನಾಲ್ಕು ಹನ್ನೆರಡಕ್ಕೆ ಮರೆಗುಳಿ ಕಮಿಟ್ ಮಾಡಿ ರೆಪೊಗೆ ಕಳಿಸಿದ. ಕಿವಿಯಕ್ಕ ಅದನ್ನು ಅಲ್ಲಿಂದ ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಮಷೀನಿಗೆ ತುಂಬಿ, ಇನ್ನೊಮ್ಮೆ ಕೂಗಿಸಿ, ಪರೀಕ್ಷೆಯ ಪಟ್ಟಿಯಲ್ಲಿ ಟಿಕ್ ಹಾಕಿದಳು. ತನ್ನ ಸ್ವಂತದ ನೋಟ್‌ಪುಸ್ತಕದಲ್ಲೂ ಒಂದು ಸಾಲು ಗೀಚಿಕೊಂಡಳು. ಅವಳಿಗೆ ಐದರ ಬಸ್ಸು ಹಿಡಿಯಬೇಕಿತ್ತು. ಮಗಳ ಹೆರಿಗೆಗೆಂದು ಮೂರು ತಿಂಗಳ ರಜೆ. ಲ್ಯಾಪ್‌ಟಾಪ್ ಆರಿಸಿ ಕಪಾಟಿಗಿಟ್ಟು ಓಡಿದಳು.

ಆ ಹೊತ್ತಿಗೆ ಮೇಷ್ಟ್ರು ನಾಲ್ಕು ಗಂಟೆಗೆ ತಾವು ಇಳಿಸಿಕೊಂಡಿದ್ದ ಸರಪಳಿಯನ್ನು ಚೊಕ್ಕಟ ಮಾಡಿ ಫೋರ್ಸ್ ಪುಶ್ ಮಾಡಿದ್ದರು. ನಾಲ್ಕು ಹನ್ನೆರಡರ ಕಮಿಟ್ ಅವರು ನೋಡದೆಯೇ ಅಳಿಸಿಹೋಯಿತು. ನಡುವೆ ಯಾರಾದರೂ ಕಳಿಸಿದ್ದರೆ ತಡೆದು ನಿಲ್ಲುವ ಇನ್ನೊಂದು ಬಗೆಯ ಕಮಾಂಡು ಇದೆ. ಅದನ್ನು ಬಳಸಿ ಎಂದು ಕಿವಿಯಕ್ಕ ಹಿಂದೊಮ್ಮೆ ಹೇಳಿದ್ದಳು. "ಅದು ಒಬ್ಬರನ್ನೊಬ್ಬರು ನಂಬದೋರಿಗಮ್ಮ. ನಮಗೆ ಗಂಟೆ ಇದೆ," ಎಂದಿದ್ದರು ಮೇಷ್ಟ್ರು.

ಮರೆಗುಳಿ ಕೋಣೆಯಿಂದ ಹೊರಬಂದು, ಚೀಟಿ ಹರಿದು ಬುಟ್ಟಿಗೆ ಹಾಕಿ, "ಭಾವ, ನನ್ನ ಊಟದ ಡಬ್ಬಿ ನೋಡಿದ್ರಾ?" ಎಂದ.

"ನಿನ್ನ ಕೈಯಲ್ಲೇ ಇದೆಯಲ್ಲಪ್ಪ."

ಸೋಮವಾರ ಅವನೂ ಎಲ್ಲರಂತೆ ಹಳೆಯದನ್ನು ಎಸೆದು ಹೊಸದನ್ನು ಇಳಿಸಿಕೊಂಡ. ಪಟ್ಟಿಯಲ್ಲಿ ಟಿಕ್ ಇದ್ದುದರಿಂದ ಆ ಅಲಾರಮ್ಮನ್ನು ಮತ್ತೆ ಯಾರೂ ಕೂಗಿಸಲಿಲ್ಲ. ಪ್ರೋಗ್ರಾಮು ಮಷೀನುಗಳಿಗೆ ಹೋಯಿತು, ಮಷೀನುಗಳು ಮನೆಮನೆಗೆ ಹೋದವು.

ಎಪ್ಪತ್ತು ದಿನ ಕಳೆದ ಮೇಲೆ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಒಬ್ಬ ಹೆಂಗಸು ಕೈಚೀಲದಲ್ಲಿ ಮಷೀನು ಹೊತ್ತು ಮಹಡಿ ಹತ್ತಿ ಬಂದಳು. ಅದನ್ನು ಮೇಜಿನ ಮೇಲಿಟ್ಟು, ಕೊಳವೆಯನ್ನು ಅಚ್ಚುಕಟ್ಟಾಗಿ ಸುತ್ತಿ ಪಕ್ಕದಲ್ಲಿಟ್ಟಳು. ಅವಳ ತಾಯಿ ಹೋಗಿ ಒಂಬತ್ತು ದಿನವಾಗಿತ್ತು.

"ನಾನು ಬಟ್ಟೆ ಒಣಹಾಕೋಕೆ ಮೇಲೆ ಹೋಗಿದ್ದೆ," ಎಂದಳು. "ಕರೆಂಟು ಹೋಗಿದ್ದು ಗೊತ್ತೇ ಆಗಲಿಲ್ಲ. ಹಗಲು ಹೊತ್ತು ಹೇಗೆ ಗೊತ್ತಾಗುತ್ತೆ. ಅದು ಕೂಗಿದ್ರೆ ಮೇಲಿಂದ ಕೇಳ್ತಿತ್ತು. ಹಿಂದೆಲ್ಲ ಕೇಳಿದೆ. ಇಳಿದು ಬರೋಷ್ಟರಲ್ಲಿ..." ಅಲ್ಲಿಗೆ ನಿಲ್ಲಿಸಿದಳು. "ಇದು ಯಾಕೆ ಕೂಗಲಿಲ್ಲ ಅಂತ ಒಬ್ಬರು ಹೇಳಿಬಿಡಿ. ಅಷ್ಟು ಗೊತ್ತಾದ್ರೆ ನಾನು ಹೋಗ್ತೀನಿ."

ಮರೆಗುಳಿ ಎದ್ದು ನಿಂತು, "ಅದನ್ನ ನಾನು ಸರಿಮಾಡಿದ್ದೆ," ಎಂದ. ತಾನೇ ಕೂತು ಸರಪಳಿಯನ್ನು ಹಿಂದಕ್ಕೆ ಎಳೆದು ನೋಡಿದ. ಆ ವಾರದ ಆರು ಕಮಿಟ್‌ಗಳಿದ್ದವು, ಮೇಷ್ಟ್ರ ಚೆಂದದ ಮಾತಿನಲ್ಲಿ. ಅವನದು ಇರಲಿಲ್ಲ. ತನ್ನ ಕಂಪ್ಯೂಟರಿನ ಮೂಲೆಗಳನ್ನೂ ಕೆದಕಿದ. ಬೇಡವಾದ ಹಳೆಯ ತುಂಡುಗಳನ್ನು ಅದು ತಿಂಗಳಿಗೊಮ್ಮೆ ತಾನೇ ಹೊರಗೆ ಹಾಕಿಬಿಡುತ್ತದೆ. ಅಲ್ಲೂ ಇರಲಿಲ್ಲ. ಜೇಬು ಮುಟ್ಟಿಕೊಂಡ. ಚೀಟಿ ಎಲ್ಲಿಂದ ಬರಬೇಕು.

"ಮಾಡಿದ್ದೆ ಅಂದುಕೊಂಡಿದ್ದೆ," ಎಂದ. "ಮರೆತಿರಬೇಕು ತಾಯಿ."

ಮುಂದಿನ ವಾರ ತನಿಖೆಯವರು ಬಂದರು. ದಪ್ಪ ಕಡತ, ಮೊನೆ ಮಾಡಿದ ಪೆನ್ಸಿಲು, ಏರದ ದನಿಯ ಒಬ್ಬ ಹೆಂಗಸು. ಪಟ್ಟಿಯ ಟಿಕ್ ತೋರಿಸಿದಾಗ, "ಟಿಕ್ ಹಾಕೋಕೆ ಯಾವ ಕೂಗು ಕೇಳಿದ್ರೂ ಸಾಕಲ್ವಾ? ಸರಿಮಾಡಿದ್ದೇ ಆದ್ರೆ ರೆಪೊದಲ್ಲಿ ಇರಬೇಕಿತ್ತು," ಎಂದರು. ಹುಡುಗರು ಕಿವಿಯಕ್ಕನಿಗೆ ಫೋನು ಮಾಡೋಣವೆಂದಾಗ ಮೇಷ್ಟ್ರೇ ತಡೆದರು. ಹಸುಗೂಸು ಇರುವ ಮನೆ, ಸಾವಿನ ಸುದ್ದಿ ಯಾಕೆ ಎಂದರು. ಆಗ ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ. ಮರೆಗುಳಿ ನಿಜಕ್ಕೂ ಮರೆತಿದ್ದಾನೆ ಎಂದೇ ನಂಬಿ ಒಳಗೊಳಗೇ ನೊಂದಿದ್ದರು. ಮರೆಗುಳಿ ಹೇಳಿಕೆ ಬರೆದು ಸಹಿ ಹಾಕಿದ. ಸಹಿಯ ಕೆಳಗೆ ತಾರೀಖು ಹಾಕುವಾಗ ತಡವರಿಸಿ, ಪಕ್ಕದವರನ್ನು ಕೇಳಿದ. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

ಅದಾಗಿ ಕೆಲವು ದಿನದ ಮೇಲೆ, ಒಂದು ಬುಧವಾರ ಬೆಳಿಗ್ಗೆ, ಮೇಷ್ಟ್ರು ಕಪಾಟಿನಿಂದ ಕಿವಿಯಕ್ಕನ ಲ್ಯಾಪ್‌ಟಾಪ್ ತೆಗೆದರು. ಎರಡು ವಾರದಲ್ಲಿ ಅವಳು ಬರುವವಳಿದ್ದಳು, ಚಾರ್ಜು ಮಾಡಿ ಇಡೋಣ ಎಂದು. ಹಚ್ಚಿದಾಗ ಅವಳು ಆ ಶನಿವಾರ ಬಿಟ್ಟುಹೋದದ್ದು ಹಾಗೇ ತೆರೆದುಕೊಂಡಿತು. ಗುಡಿಸದ ಸರಪಳಿ. ಎಲ್ಲಕ್ಕಿಂತ ಮೇಲೆ ಮರೆಗುಳಿಯ ಹೆಸರು, ನಾಲ್ಕು ಗಂಟೆ ಹನ್ನೆರಡು ನಿಮಿಷ. ಬರೆದ ಸಾಲು ಇದು: 'ಬ್ಯಾಟರಿ ಎಷ್ಟೇ ಸೋತರೂ ಸ್ಪೀಕರ್ ಆರಿಸಬಾರದು. ಮಲಗಿದವರಿಗೆ ಬೇರೆ ಬಾಯಿಲ್ಲ.'

ಮೇಷ್ಟ್ರು ಅದನ್ನು ಓದಿದರು. ಕಿಟಕಿಯ ಗಂಟೆ ನೋಡಿದರು. ಮತ್ತೆ ಓದಿದರು. ಯಾರು ಏನು ಮಾಡಿದ್ದಾರೆ ಎಂದು ತಿಳಿಯಲು ಗಣಿತದ ಮೇಷ್ಟ್ರಿಗೆ ಎಷ್ಟು ಹೊತ್ತು ಬೇಕು. ಲ್ಯಾಪ್‌ಟಾಪ್ ಮುಚ್ಚಿ ಮತ್ತೆ ಕಪಾಟಿಗಿಟ್ಟು ಬೀಗ ಹಾಕಿದರು.

ಬ್ಯಾಟರಿಯ ಹುಳುಕನ್ನು ಅವರು ಆ ಹೆಂಗಸು ಮಷೀನು ತಂದ ದಿನವೇ ಎಲ್ಲರಿಗೂ ತಿಳಿಯುವಂತೆ ತಿದ್ದಿದ್ದರು. ಎಲ್ಲ ಮನೆಗಳ ಮಷೀನಿಗೂ ಹೊಸ ಪ್ರೋಗ್ರಾಮು ಹೋಗಿತ್ತು. ಅದರಲ್ಲಿ ಒಂದು ಗಳಿಗೆಯೂ ತಡಮಾಡಿರಲಿಲ್ಲ. ತಡಮಾಡಿದ್ದು ಒಂದು ಮಾತು ಹೇಳುವುದರಲ್ಲಿ. ಹೋದವರು ಬರುವುದಿಲ್ಲ ಎಂದುಕೊಂಡರು. ಕಚೇರಿ ಮುಚ್ಚಿದರೆ ಐದು ಮನೆಯವರು ಎಲ್ಲಿಗೆ ಹೋಗಬೇಕು ಎಂದುಕೊಂಡರು. ಅವನು ಹೇಗೂ ಒಪ್ಪಿಕೊಂಡಾಯಿತಲ್ಲ ಎಂದೂ ಒಮ್ಮೆ ಅಂದುಕೊಂಡು, ಅಂದುಕೊಂಡದ್ದಕ್ಕೆ ತಾವೇ ಬೆಚ್ಚಿದರು. ಬೆಳಿಗ್ಗೆ ಕಣ್ಣು ಮುಚ್ಚಿ ಕೂತರೆ ಬೇಡುವ ಮಾತು ಬಾಯಿಗೆ ಬರುತ್ತಿರಲಿಲ್ಲ. ಹತ್ತು ನಿಮಿಷ ಸುಮ್ಮನೆ ಕತ್ತಲೆ ನೋಡಿ ಏಳುವರು. ದೇವರು ಎಲ್ಲೂ ಹೋಗಿರಲಿಲ್ಲ. ಬಾಗಿಲು ಹಾಕಿಕೊಂಡವರು ಇವರು.

ಆ ಬುಧವಾರದಿಂದ ಒಂಬತ್ತನೆಯ ದಿನ ತಂಗಿ ಫೋನು ಮಾಡಿದಳು.

"ಅಣ್ಣ, ಇವರನ್ನ ಡಾಕ್ಟರ ಹತ್ರ ಕರ್ಕೊಂಡು ಬಂದಿದೀನಿ. ಮನೇಲಿ ಗೋಡೆ ತುಂಬಾ ಚೀಟಿ ಅಂಟಿಸ್ತಿದಾರೆ. ಒಲೆ ಹತ್ರ ಹೋಗೋಕೇ ಹೆದರ್ತಾರೆ."

"ಡಾಕ್ಟ್ರು ಏನಂದ್ರು?"

"ನೂರರಿಂದ ಏಳೇಳು ಕಳೀತಾ ಹೋಗಿ ಅಂದ್ರು. ಇವರು ತೊಂಬತ್ತಮೂರು ಅಂದ್ರು. ಆಮೇಲೆ ಎಂಬತ್ತಾರು. ಅಲ್ಲಿಗೆ ನಿಂತುಬಿಟ್ರು ಅಣ್ಣ. ನೀನೇ ಹೇಳು, ಸಾವಿರಗಟ್ಟಲೆ ಲೆಕ್ಕ ಬಾಯಲ್ಲೇ ಮಾಡೋರು. ಅವರ ಅಪ್ಪನಿಗೆ ಇದ್ದಿದ್ದೂ ಕೇಳಿದ್ರು. ಶುರುವಾಗಿರಬಹುದು ಅಂತ ಮಾತ್ರೆ ಬರ್ಕೊಟ್ಟಿದಾರೆ."

ಮೇಷ್ಟ್ರು ಫೋನನ್ನು ಕಿವಿಗೆ ಒತ್ತಿ ಹಿಡಿದೇ ಇದ್ದರು.

"ಅಣ್ಣ, ಇದೀಯಾ?"

"ಇದೀನಮ್ಮ. ಹೊತ್ತು ಹೊತ್ತಿಗೆ ಮಾತ್ರೆ ಕೊಡು," ಎಂದರು.

ಮನುಷ್ಯನ ಬಾಯಿಂದ ಎಂಥೆಂಥ ಮಾತು ಬರುತ್ತದೆ ನೋಡಿ. ಆ ಮಾತನ್ನು ಅವರು ಉಳಿದ ಆಯುಷ್ಯವೆಲ್ಲ ಕೇಳಿಸಿಕೊಳ್ಳುವರು.

ಹನ್ನೆರಡನೆಯ ದಿನ ಭಾನುವಾರ. ಮರುದಿನ ಕಿವಿಯಕ್ಕ ಕೆಲಸಕ್ಕೆ ಬರುವವಳು. ಅವಳು ಬಂದರೆ ಗೊತ್ತಾಗೇ ಆಗುತ್ತದೆ ಎಂಬ ಭಯವೋ, ದೇವರೇ ರಟ್ಟೆ ಹಿಡಿದು ಎಬ್ಬಿಸಿದನೋ, ಮೇಷ್ಟ್ರಿಗೇ ತಿಳಿಯದು. ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ತಂಗಿಯ ಮನೆಗೆ ನಡೆದರು.

ಮನೆಯ ಒಳಗೆ ಕಾಲಿಟ್ಟರೆ ಬರೀ ಚೀಟಿ. ಒಲೆಯ ಹಿಂದಿನ ಗೋಡೆಗೆ 'ಆರಿಸಿದೆಯಾ?'. ಬಾಗಿಲಿನ ಮೇಲೆ 'ಬೀಗದ ಕೈ ಬಲಜೇಬು'. ಕನ್ನಡಿಯ ಮೂಲೆಯಲ್ಲಿ 'ಬೆಳಗಿನ ಮಾತ್ರೆ ಆಯಿತು', ಅದರ ಕೆಳಗೆ ದಿನಕ್ಕೊಂದು ಗೀಟು. ಮರೆಗುಳಿ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದ. ಮಾತ್ರೆಯ ಮಂಪರು. ಗಡ್ಡ ಬೆಳೆದಿತ್ತು.

ಮೇಷ್ಟ್ರು ಪೀಠಿಕೆ ಹಾಕಲಿಲ್ಲ. "ನೀನು ಮರೆತಿರಲಿಲ್ಲ ಕಣಪ್ಪ. ನೀನು ಕಳಿಸಿದ್ದನ್ನ ನಾನು ಗುಡಿಸಿಬಿಟ್ಟೆ," ಎಂದು ಲ್ಯಾಪ್‌ಟಾಪನ್ನು ಅವನ ತೊಡೆಯ ಮೇಲಿಟ್ಟರು.

ಮರೆಗುಳಿ ಬಹಳ ಹೊತ್ತು ನೋಡಿದ. ಬೆರಳಿಟ್ಟು ಆ ಸಾಲು ಓದಿದ. ಆಮೇಲೆ, ಮಗು ಕೊಡಬಂದ ತಿಂಡಿಯನ್ನು ಬೇಡವೆಂದು ಹಿಂದಕ್ಕೆ ಕೊಡುವಷ್ಟು ಮೆತ್ತಗೆ ಲ್ಯಾಪ್‌ಟಾಪನ್ನು ಹಿಂದಕ್ಕೆ ಕೊಟ್ಟ.

"ನಿಮ್ಮ ಕೈ ನನಗೆ ಗೊತ್ತಿಲ್ವಾ ಭಾವ. ಹೋದ ಸಲಾನೂ ಹಿಂಗೇ ಮಾಡಿದ್ರಿ. ನನ್ನ ಹೆಸರು ತೆಗೆದು ನಿಮ್ಮದು ಹಾಕ್ಕೊಂಡ್ರಿ, ತಾರೀಖು ಹಿಂದಕ್ಕೆ ಹಾಕಿದ್ರಿ. ಈ ಸಲ ನಾನು ಮಾಡದೇ ಇರೋದನ್ನ ಮಾಡಿದೀನಿ ಅಂತ ಬರ್ಕೊಂಡು ಬಂದಿದೀರಿ."

"ದೇವರಾಣೆ ಇದು ನಾನು ಬರೆದಿದ್ದಲ್ಲ."

"ದೇವರನ್ನ ಇದಕ್ಕೆಲ್ಲ ಎಳೀಬೇಡಿ. ನಿಮ್ಮ ಒಳ್ಳೇತನ ನನಗೆ ಗೊತ್ತು." ಸ್ವಲ್ಪ ನಕ್ಕ. "ಮಷೀನು ತಂದಿದ್ಲಲ್ಲ, ಆ ಮಗಳ ಮನೆಗೂ ಹೋಗಿ ಬಂದೆ ಮೊನ್ನೆ. ನಾನೇ ಮರೆತಿದ್ದು, ಕ್ಷಮಿಸು ಅಂದೆ. ನಮ್ಮಮ್ಮಾನೂ ಕೊನೆಗೆ ಎಲ್ಲ ಮರೀತಿದ್ರು, ಕೂತ್ಕೊಳ್ಳಿ ಅಂತ ನೀರು ಕೊಟ್ಟಳು. ನನ್ನ ಪಾಲಿಗೆ ಇಷ್ಟು ಸಾಕು. ಮತ್ತೆ ಬದಲಾಯಿಸಬೇಡಿ."

ಇಪ್ಪತ್ತು ವರ್ಷ ಬೇರೆಯವರ ಹೊತ್ತು ತಾರೀಖುಗಳನ್ನು ಬೇಕಾದ ಹಾಗೆ ಸರಿಸಿಟ್ಟ ಮನುಷ್ಯ ಒಂದು ನಿಜವನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಅದನ್ನು ಈಸಿಕೊಳ್ಳುವವರಿರಲಿಲ್ಲ. ತಂಗಿ ಅಡುಗೆಮನೆಯ ಬಾಗಿಲಿಗೆ ಒರಗಿ ಇಬ್ಬರನ್ನೂ ನೋಡುತ್ತಿದ್ದಳು. ಅವಳಿಗೂ ಅದು ಅಣ್ಣನ ಕರುಣೆಯೆಂದೇ ಕಂಡಿತು. ಹೊರಡುವಾಗ ಅವರ ಕೈ ಹಿಡಿದು, "ನೀನಿರೋದೇ ನಮಗೆ ಧೈರ್ಯ ಅಣ್ಣ," ಎಂದಳು.

ಸೋಮವಾರ ಕಿವಿಯಕ್ಕ ಬಂದು ಮೇಜಿನ ಮುಂದೆ ನಿಂತೇ ಮೇಷ್ಟ್ರ ಬಾಯಿಂದ ಎಲ್ಲವನ್ನೂ ಕೇಳಿದಳು. ಒಂದು ಸಲವೂ ತಮಾಷೆ ಮಾಡಲಿಲ್ಲ. ತನ್ನ ಚೀಲಕ್ಕೆ ಕೈಹಾಕಿ ಅಂಚು ಮಡಿಚಿದ ನೋಟ್‌ಪುಸ್ತಕ ತೆಗೆದಳು. ಮೂರು ತಿಂಗಳು ಅದು ಅವಳ ಜೊತೆಗೇ ಮಗಳ ಮನೆಯಲ್ಲಿತ್ತು. ಹಿಂದಿನ ಪುಟಗಳಲ್ಲಿ ಮಗು ಹಾಲು ಕುಡಿದ ಹೊತ್ತು ಬರೆದಿದ್ದಳು.

"ನಡೀರಿ," ಎಂದಳು.

ಮರೆಗುಳಿಯ ಮನೆಗೆ ಹೋಗಿ, ಅವನ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಲ್ಯಾಪ್‌ಟಾಪನ್ನು ಅವನ ಕೈಗೆ ಕೊಟ್ಟು, ಪುಸ್ತಕ ಬಿಡಿಸಿ ತನ್ನ ಕಡೆಗೇ ತಿರುಗಿಸಿ ಹಿಡಿದಳು. "ನಾನು ಇದನ್ನ ನಿಮಗೆ ತೋರಿಸಲ್ಲ. ಕಮಿಟ್‌ನ ಗುರುತು ನೀವೇ ನೋಡಿ ಹೇಳಿ. ಮೊದಲ ಏಳು ಸಾಕು."

ಪ್ರತಿ ಕಮಿಟ್‌ಗೂ ಯಂತ್ರ ಅಂಕಿ ಅಕ್ಷರ ಬೆರೆಸಿದ ಉದ್ದನೆಯ ಗುರುತೊಂದನ್ನು ಕೊಡುತ್ತದೆ. ಒಳಗಿನ ಒಂದು ಚುಕ್ಕೆ, ಒಂದು ಹೆಸರು, ಹೊತ್ತಿನ ಒಂದು ಸೆಕೆಂಡು ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಮೇಷ್ಟ್ರು ಎಷ್ಟೇ ಜಾಣರಾದರೂ ಬೇರೆ ಊರಿನ ಚೀಲದಲ್ಲಿದ್ದ ಪುಸ್ತಕಕ್ಕೆ ಹೊಂದುವ ಗುರುತನ್ನು ಹುಟ್ಟಿಸಲಾರರು. ಇದು ಮರೆಗುಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವನು ಮಂಪರು ಒರೆಸಿಕೊಳ್ಳುವವನಂತೆ ಕಣ್ಣುಜ್ಜಿ ಓದಿದ. "ನಾಲ್ಕು. ಸಿ. ಒಂಬತ್ತು. ಒಂದು."

"ಮುಂದೆ?"

"ಎಫ್. ಸೊನ್ನೆ. ಏಳು."

ಕಿವಿಯಕ್ಕ ಪುಸ್ತಕ ತಿರುಗಿಸಿದಳು. ಬಸ್ಸಿನ ಅವಸರದ ವಕ್ರ ಅಕ್ಷರ. '4c91f07, ಹಳೇ ಬ್ಯಾಟರಿ, ಚೆನ್ನಾಗಿ ಕೂಗ್ತು. ಮರೆಗುಳಿ ನೆನಪಿಟ್ಟುಕೊಂಡು ಮಾಡಿದಾರೆ!'

ಮರೆಗುಳಿ ಅದನ್ನು ಮತ್ತೆ ಮತ್ತೆ ಹೊಂದಿಸಿ ನೋಡಿದ. ತಂಗಿ ಅವನ ಬೆನ್ನ ಹಿಂದೆ ಬಂದು ನಿಂತಳು.

"ನಾನು ಮಾಡಿದ್ದೆ," ಎಂದ.

"ಮಾಡಿದ್ರಿ," ಎಂದಳು ಕಿವಿಯಕ್ಕ. "ನನ್ನ ಎದುರಿಗೇ ಮಾಡಿದ್ರಿ."

ಅವನು ತಲೆಯೆತ್ತಿ ಮೇಷ್ಟ್ರನ್ನು ನೋಡಿದ. ದನಿಯಲ್ಲಿ ಕೋಪವಿರಲಿಲ್ಲ. ತಿಳಿದುಕೊಳ್ಳಬೇಕೆಂಬುದಷ್ಟೇ ಇತ್ತು.

"ನಿಮಗೆ ಯಾವಾಗ ಗೊತ್ತಾಯ್ತು ಭಾವ?"

ನಿನ್ನೆ ಎಂದಿದ್ದರೆ ಮುಗಿಯುತ್ತಿತ್ತು. ನಿನ್ನೆ ತಾನೇ ಲ್ಯಾಪ್‌ಟಾಪ್ ತಂದವರು. ಯಾರೂ ಅನುಮಾನ ಪಡುತ್ತಿರಲಿಲ್ಲ. ತಂಗಿ ತಂಗಿಯಾಗಿ ಉಳಿಯುತ್ತಿದ್ದಳು, ಅಣ್ಣ ಅಣ್ಣನಾಗಿ ಉಳಿಯುತ್ತಿದ್ದ. ಒಂದು ತಾರೀಖು ಸರಿಸುವ ಕೆಲಸ, ಅವರ ಕೈಗೆ ನೀರು ಕುಡಿದಷ್ಟು ಸಲೀಸು. ಮೇಷ್ಟ್ರು ಒಂದು ಉಸಿರು ಎಳೆದುಕೊಂಡರು. ಮುಚ್ಚಿದ ಬಾಗಿಲಿನಾಚೆ ಯಾರೋ ನಿಂತು ಕೇಳುತ್ತಿದ್ದಾರೆ ಅನ್ನಿಸಿತು.

"ಇವತ್ತಿಗೆ ಹದಿಮೂರು ದಿನ ಆಯ್ತು," ಎಂದರು.

ತಂಗಿ ಬೆರಳು ಮಡಿಚಿ ಎಣಿಸುತ್ತಿದ್ದಳು. ಎಣಿಕೆ ಮುಗಿದ ಮೇಲೆ ಅವಳ ಮುಖ ಬಿಗಿಯಿತು.

"ಹಾಗಾದ್ರೆ ನಾನು ಡಾಕ್ಟರ ಹತ್ರದಿಂದ ಫೋನ್ ಮಾಡಿದಾಗ..."

"ಗೊತ್ತಿತ್ತು."

"ಮಾತ್ರೆ ಕೊಡು ಅಂದೆ."

"ಅಂದೆ."

"ನಾನು ಕೊಟ್ಟೆ," ಎಂದಳು ತಂಗಿ. "ಬೇಡ ಅಂದ್ರೂ ಬಾಯಿ ತೆರೆಸಿ ಕೊಟ್ಟೆ."

ಮೇಷ್ಟ್ರು ನೆಲ ನೋಡಿಕೊಂಡೇ ಹೇಳಿದರು. "ಇಲ್ಲಿಂದ ನೇರ ತನಿಖೆಯವರ ಹತ್ರ ಹೋಗ್ತೀನಿ. ಆ ಮಗಳ ಮನೆಗೂ ಹೋಗ್ತೀನಿ. ಹದಿಮೂರು ದಿನ ಅಂತಲೇ ಹೇಳ್ತೀನಿ."

"ಹೋಗಿ ಹೇಳು," ಎಂದಳು ತಂಗಿ. ನೀರು ಕೊಡಲೆಂದು ತಂದಿಟ್ಟಿದ್ದ ಲೋಟವನ್ನು ಅವರ ಮುಂದಿನಿಂದ ಎತ್ತಿಕೊಂಡಳು. "ಆಮೇಲೆ ಈ ಕಡೆ ಬರಬೇಡ ಅಣ್ಣ."

ಅವರು ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಒಳಗೆ ಮರೆಗುಳಿ ಚೀಟಿಯೊಂದರ ಮೇಲೆ ಏನೋ ಬರೆಯುತ್ತಿದ್ದುದು ಕಂಡಿತು. ಬರೆದು, ಎದ್ದು, ಗೋಡೆಯ ಮೇಲೆ 'ಆರಿಸಿದೆಯಾ?' ಪಕ್ಕದಲ್ಲಿ ಅಂಟಿಸಿದ. 'ಆ ಶನಿವಾರ ನಾನು ಮಾಡಿದ್ದೆ. 4c91f07.'

ಕಿವಿಯಕ್ಕ ಅವನ ಮೊಣಕೈ ಮುಟ್ಟಿ, "ಈಗ ಇದೆಲ್ಲ ಕಿತ್ತು ಹಾಕೋಣ ಬನ್ನಿ. ನಿಮಗೆ ಏನೂ ಆಗಿಲ್ಲ," ಎಂದಳು.

"ಹೌದಾ ಅಕ್ಕ?" ಎಂದ ಅವನು. "ಎಂಬತ್ತಾರರಿಂದ ಮುಂದಕ್ಕೆ ನನಗೆ ಇನ್ನೂ ಬರ್ತಿಲ್ಲ."

ಎಪ್ಪತ್ತೊಂಬತ್ತು ಎಂಬುದು ಹೊಸ್ತಿಲಾಚೆ ನಿಂತ ಗಣಿತದ ಮೇಷ್ಟ್ರ ನಾಲಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ಹೇಳಿಕೊಡುವ ಹಕ್ಕು ಅವರಿಗೆ ಉಳಿದಿರಲಿಲ್ಲ. ಒಳಗೆ ಮರೆಗುಳಿ ಚೀಟಿಯ ನಾಲ್ಕು ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ, ಒತ್ತಿದ್ದು ಸಾಲದೆಂದು ಮತ್ತೊಮ್ಮೆ ಒತ್ತುತ್ತಿದ್ದ.